ಹತ್ತು ನಿಮಿಷಕ್ಕೆ ನಾನೂರು

ಬೆಂಗಳೂರಿನಲ್ಲಿ ಎಲೆಕ್ಟ್ರಿಷಿಯನ್‌ಗಳು ಎಷ್ಟು ದುಡಿಯುತ್ತಾರೆ ಅನ್ನೋದು ಅವರಿಗಿಂತ ಚೆನ್ನಾಗಿ ನಮ್ಮ ಮಾವನವರಿಗೆ ಗೊತ್ತು. ಬ್ಯಾಂಕಿನಿಂದ ರಿಟೈರ್ ಆದವರು. ಪೆನ್ಷನ್ ಜೊತೆ ಲೆಕ್ಕದ ಚಟವೂ ಮನೆಗೆ ಬಂದಿದೆ.

ಬೇಸಿಗೆಯಲ್ಲಿ ಹಾಲ್‌ನ ಫ್ಯಾನ್ ಐದರಲ್ಲಿಟ್ಟರೂ ಒಂದರ ಹಾಗೆ ತಿರುಗುತ್ತಿತ್ತು. ಎಲೆಕ್ಟ್ರಿಷಿಯನ್ ಬಂದ, ಸ್ಟೂಲ್ ಹತ್ತಿದ, ಮೋಟಾರಿಗೆ ತಿರುಗೋ ಬಲ ಕೊಡುವ ಪುಟ್ಟ ಡಬ್ಬಿ, ಅಂದ್ರೆ ಕೆಪಾಸಿಟರ್, ಬದಲಿಸಿದ, ಇಳಿದ. ನಾನೂರು ರೂಪಾಯಿ. ಅವನು ಗೇಟು ದಾಟುವ ಮೊದಲೇ ಮಾವ ಶುರು ಮಾಡಿದರು.

"ಹತ್ತು ನಿಮಿಷಕ್ಕೆ 400. ಗಂಟೆಗೆ 2,400. ದಿನಕ್ಕೆ ಎಂಟು ಗಂಟೆ, 19,200. ಭಾನುವಾರ ಬಿಟ್ಟು 26 ದಿನ ಹಿಡಿ. ತಿಂಗಳಿಗೆ 4,99,200!"

ಅತ್ತೆ ಕಾಫಿ ಲೋಟ ಹಿಡಿದು ಹಾಗೇ ನಿಂತುಬಿಟ್ಟರು. ಮಾವ ತಮ್ಮ ಮಗನ ಕಡೆ, ಅಂದ್ರೆ ನಮ್ಮ ಮನೆಯವರ ಕಡೆ, ತಿರುಗಿ, "ನಿನ್ನ ಎಂಜಿನಿಯರಿಂಗು ನಾಲ್ಕು ವರ್ಷ. ಐಟಿಐ ಎಲೆಕ್ಟ್ರಿಷಿಯನ್ ಕೋರ್ಸು ಎರಡೇ ವರ್ಷ" ಅಂದರು. ಪಾಪ, ಇವರು ಲ್ಯಾಪ್‌ಟಾಪ್ ಎತ್ತಿಕೊಂಡು ರೂಮಿಗೆ ಹೋದರು.

ಆ ರೂಮಿನ ಫ್ಯಾನೂ ಕೆಲವು ದಿನಗಳಲ್ಲಿ ಕೈಕೊಟ್ಟಿತು. ಸ್ವಿಚ್ ಹಾಕಿದರೆ ಬರೀ ಗುಂಯ್ ಅನ್ನೋದು. ಕೋಲಿನಿಂದ ತಳ್ಳಿದರೆ ಮಾತ್ರ ತಿರುಗೋದು. "ಕೆಪಾಸಿಟರ್ರೇ" ಎಂದು ತೀರ್ಪು ಕೊಟ್ಟ ಮಾವ, ತಾವೇ ಅಂಗಡಿಗೆ ಹೋಗಿ 2.5 ಮೈಕ್ರೋಫ್ಯಾರಡ್‌ದು ತಂದರು. ನೂರು ರೂಪಾಯಿಯ ಒಳಗೇ ಸಿಕ್ಕಿತು. ಅತ್ತೆ ಮೇನ್ ಆಫ್ ಮಾಡಿ, ಸ್ವಿಚ್ಚಿನ ಪಕ್ಕದಲ್ಲೇ ಕಾವಲು ನಿಂತರು.

ಮಾವ ವೈರು ಜೋಡಿಸಿದರು. ಮೇನ್ ಆನ್ ಮಾಡಿದರೆ ಫ್ಯಾನ್ ತಿರುಗಿತು. ಜೋರಾಗಿಯೇ ತಿರುಗಿತು. ಆದರೆ ಗಾಳಿ ಇಲ್ಲ! ತಲೆಯೆತ್ತಿ ನೋಡಿದರೆ ಮೂಲೆಯ ಜೇಡರ ಬಲೆ ಹಬ್ಬದ ತೋರಣದ ಹಾಗೆ ಹಾರಾಡುತ್ತಿದೆ. ಫ್ಯಾನು ಉಲ್ಟಾ ತಿರುಗಿ ಗಾಳಿಯನ್ನೆಲ್ಲ ಸೂರಿಗೆ ಬಡಿಸುತ್ತಿತ್ತು. "ಮೇಲ್ಗಡೆ ಮನೆಯವರಿಗೆ ತಂಪಾಗಲಿ ಬಿಡಿ" ಅಂದರು ಅತ್ತೆ.

ಮತ್ತೆ ಅದೇ ಎಲೆಕ್ಟ್ರಿಷಿಯನ್ ಹುಡುಗ ಬಂದ. ವೈರು ಮುಚ್ಚುವ ಕಪ್ ಇಳಿಸಿ, ಲೈನ್ ವೈರು ರನ್ನಿಂಗ್ ಕಾಯಿಲ್ ಬದಲು ಸ್ಟಾರ್ಟಿಂಗ್ ಕಾಯಿಲ್‌ಗೆ ಹೋಗಿದ್ದನ್ನು ತೋರಿಸಿದ. ಉಲ್ಟಾ ತಿರುಗಿದ್ದು ಅದಕ್ಕೇ. ಬದಲಾಯಿಸಿದ. ಎರಡು ನಿಮಿಷವೂ ಹಿಡಿಯಲಿಲ್ಲ.

"ಎಷ್ಟಪ್ಪಾ?"

"ನಾನೂರು ಸಾರ್."

ಮಾವ ಆ 4,99,200ರ ಲೆಕ್ಕವನ್ನು ಅವನ ಮುಂದೆಯೇ ಇಟ್ಟರು. ಹುಡುಗನಿಗೆ ನಗು ತಡೆಯಲಿಲ್ಲ. "ಕೆಂಗೇರಿಯಿಂದ ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಬಂದಿದೀನಿ ಸಾರ್. ಆ ಟೈಮಿಗೂ ಇದೇ ರೇಟ್ ಹಾಕ್ಲಾ?" ಅಂದ. ದಿನಕ್ಕೆ ಮೂರು ಮನೆ ಮುಗಿಸಿದರೆ ಹೆಚ್ಚಂತೆ. ಪೆಟ್ರೋಲ್ ಅವನದೇ. ಹೆಲ್ಪರ್ ಹುಡುಗನ ಕೂಲಿ ಸಂಜೆಗೇ ಕೊಡಬೇಕು. ಹೊಸ ಮನೆ ವೈರಿಂಗ್ ಸಿಕ್ಕರೆ ಪಾಯಿಂಟ್ ಲೆಕ್ಕದಲ್ಲಿ, ಅಂದ್ರೆ ಒಂದೊಂದು ಲೈಟು, ಫ್ಯಾನು, ಪ್ಲಗ್ಗಿಗೆ ಇಷ್ಟು ಅಂತ, ಒಳ್ಳೆಯ ದುಡ್ಡೇ. ಆದರೆ ಓನರ್ ಕೊನೆಯ ಕಂತನ್ನು "ಗೃಹಪ್ರವೇಶ ಆಗ್ಲಿ" ಅಂತಾನೆ. ಗೃಹಪ್ರವೇಶಕ್ಕೆ ಊಟಕ್ಕೆ ಕರೀತಾನೆ, ಆಮೇಲೆ ಫೋನ್ ಎತ್ತಲ್ಲ.

ಇಷ್ಟು ಕೇಳಿದ ಮೇಲೂ ಮಾವ ಮಾವನೇ. "ಮುನ್ನೂರೈವತ್ತು ಮಾಡ್ಕೊಳಪ್ಪಾ, ಚಿಲ್ಲರೆ ಇಲ್ಲ" ಅಂದರು.

ಹುಡುಗ ಜೇಬಿನಿಂದ ಫೋನ್ ತೆಗೆದು ಕ್ಯೂಆರ್ ಕೋಡ್ ಹಿಡಿದ. ಮಾವ ಕನ್ನಡಕ ಹುಡುಕಲು ಒಳಗೆ ಹೋದರು. ಅದು ಹಣೆಯ ಮೇಲೇ ಇತ್ತು.