ಮಿಶಿಗನ್ನಿನ ನಾಮಕರಣ ಮಹೋತ್ಸವ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅಂತ ನಾವು ಆಡಿಕೊಳ್ಳುತ್ತೇವೆ. ಅಮೆರಿಕದ ಮಿಶಿಗನ್‌ನವರು ಕಾನೂನು ಮಾಡಿಯೇ ಹೊಲಿಸಿದರು. 1837ರಲ್ಲಿ ರಾಜ್ಯ ಆಯಿತು. 1840ಕ್ಕೆ ಉತ್ತರದ ಕಾಡಿನ ಮೇಲೆ ಸ್ಕೇಲು ಇಟ್ಟು ಚೌಕ ಚೌಕ ಗೆರೆ ಎಳೆದರು. ಹಲವು ಚೌಕ ಸುಮಾರು 24 ಮೈಲಿ ಉದ್ದ, 24 ಮೈಲಿ ಅಗಲ. ಒಂದೊಂದೂ ಒಂದೊಂದು ಕೌಂಟಿ, ಅಂದರೆ ನಮ್ಮ ಜಿಲ್ಲೆಯ ಹಾಗೆ! ಒಳಗೆ ಪೈನ್ ಮರ, ಜೌಗು, ಸೊಳ್ಳೆ. ಕೋರ್ಟಿಲ್ಲ, ಶೆರೀಫ್ ಇಲ್ಲ, ಕಂದಾಯ ಕಟ್ಟೋಕೆ ಒಬ್ಬ ಬಡಪಾಯಿಯೂ ಇಲ್ಲ. ಮೊದಲಿಂದ ಇದ್ದ ಒಟ್ಟಾವಾ, ಒಜಿಬ್ವೆ ಜನ ಲೆಕ್ಕಕ್ಕಿಲ್ಲ. 1836ರ ಒಪ್ಪಂದದಲ್ಲಿ ಅವರಿಂದ ಒಂದೂಕಾಲು ಕೋಟಿ ಎಕರೆಗೂ ಜಾಸ್ತಿ ಬರೆಸಿಕೊಂಡಾಗಿತ್ತಲ್ಲ.

ಬರೆಸಿಕೊಂಡವರು ಸರ್ಕಾರದ ಇಂಡಿಯನ್ ಏಜೆಂಟ್, ಅಂದರೆ ಆದಿವಾಸಿಗಳ ವ್ಯವಹಾರ ನೋಡುವ ಅಧಿಕಾರಿ, ಹೆನ್ರಿ ಸ್ಕೂಲ್‌ಕ್ರಾಫ್ಟ್. ಹೆಸರಿಡುವುದು ಈ ಮನುಷ್ಯನಿಗೆ ಚಟ. 1832ರಲ್ಲಿ ಮಿಸಿಸಿಪ್ಪಿ ನದಿ ಹುಟ್ಟುವ ಕೆರೆಗೆ ಇಟಾಸ್ಕ ಅಂತ ಕರೆದರು. ಕೇಳಿದವರು ಯಾವುದೋ ಆದಿವಾಸಿ ಪದ ಅಂದುಕೊಂಡರು. ಅದು ಎರಡು ಲ್ಯಾಟಿನ್ ಪದಗಳ ತಲೆ, ಬಾಲ ಕತ್ತರಿಸಿ ಉಳಿದ ತುಂಡು.

ಕೌಂಟಿಗಳಿಗೂ ಅದೇ ಕಸುಬು. ಆಲ್ಪೀನಾಕ್ಕೆ ಅರಬ್ಬಿಯ 'ಅಲ್' ತಂದು ಒಂದು ಕಾಡುಕೋಳಿಯ ಹೆಸರಿಗೆ ಅಂಟಿಸಿದರು. ಅರೆನಾಕ್‌ಗೆ ಮರಳು ಎಂಬ ಅರ್ಥದ ಲ್ಯಾಟಿನ್ ಪದ ಹಾಕಿದರು. ಕಲ್ಕಾಸ್ಕದಲ್ಲಿ ತಮ್ಮ ಮನೆತನದ ಹಳೇ ಹೆಸರನ್ನೇ ತಿರುಚಿ ಬಚ್ಚಿಟ್ಟರು ಅಂತ ಗುಮಾನಿ ಇದೆ. ಲೀಲನಾ ಅಂತೂ ನಮ್ಮ ಲೀಲಾವತಿಯ ತಂಗಿಯ ಹಾಗಿದೆ. ತಮಾಷೆ ಏನು ಗೊತ್ತಾ? ಒಜಿಬ್ವೆ ಭಾಷೆಯಲ್ಲಿ 'ಲ' ಎಂಬ ಸದ್ದೇ ಇಲ್ಲ. ಆ ನೆಲದವರ ನಾಲಿಗೆ ಹೊರಳದ ಹೆಸರು ಆ ನೆಲದ್ದಂತೆ!

ಪಾಪ, ಅಸಲಿ ಹೆಸರುಗಳೂ ಇದ್ದವು. 1840ರ ಪಟ್ಟಿಯಲ್ಲಿ ನಿಜವಾದ ಮುಖಂಡರ ಹೆಸರು ಸಾಲಾಗಿ ಕೂತಿದ್ದವು. ಮೂರೇ ವರ್ಷ. 1843ರಲ್ಲಿ ಶಾಸನಸಭೆ ಒಂದೇ ಏಟಿಗೆ 16 ಹೆಸರು ಅಳಿಸಿತು. ಮಿಕೆನಾಕ್ ಹೋಗಿ ರಾಸ್‌ಕಾಮನ್ ಬಂತು. ಕಾಯ್ಕಾಕೀ ಹೋಗಿ ಕ್ಲೇರ್. ಮೀಗಿಸೀ ಹೋಗಿ ಆಂಟ್ರಿಮ್, ಕೌಟವಾಬೆಟ್ ಹೋಗಿ ವೆಕ್ಸ್‌ಫರ್ಡ್. ನಾಲ್ಕೂ ಐರ್ಲೆಂಡಿನ ಕೌಂಟಿಗಳು! ಸಾಲದ್ದಕ್ಕೆ ಬ್ರಿಟಿಷರ ವಿರುದ್ಧ ದಂಗೆ ಎದ್ದು 1803ರಲ್ಲಿ ಡಬ್ಲಿನ್‌ನಲ್ಲಿ ನೇಣಿಗೇರಿದ ರಾಬರ್ಟ್ ಎಮ್ಮೆಟ್ ಹೆಸರೂ ಒಂದು ಚೌಕಕ್ಕೆ ಬಂತು. ಸಭೆಯಲ್ಲಿದ್ದ ಐರಿಶ್ ಮೂಲದ ಶಾಸಕರೊಬ್ಬರ ಕೈವಾಡ ಎನ್ನುತ್ತಾರೆ. ಇರಬಹುದು. ಇಂಗ್ಲಿಷರು ಕಿತ್ತುಕೊಂಡ ಊರುಗಳ ನೆನಪಿಗೆ, ತಾವು ಕಿತ್ತುಕೊಂಡ ಕಾಡಿಗೆ ಆ ಹೆಸರಿಟ್ಟರೆ ಲೆಕ್ಕ ಚುಕ್ತಾ ಆಯ್ತಲ್ವಾ!

ಅನಾಮಿಕೀ ಎಂಬ ಒಜಿಬ್ವೆ ಮುಖಂಡರಿದ್ದರು. ಅವರ ಕೌಂಟಿಯೇ ಆಲ್ಪೀನಾ ಆಗಿದ್ದು. ಕಾನೂನುಬದ್ಧವಾಗಿ ಅನಾಮಿಕರಾದವರು ಬೇರೆ ಯಾರೂ ಇರಲಿಕ್ಕಿಲ್ಲ.

ನನಗೆ ತುಂಬ ಹಿಡಿಸಿದ್ದು ಉನ್ವಾಟಿನ್ ಕೌಂಟಿ. ಅದೂ ಸ್ಥಳೀಯ ಮುಖಂಡರೊಬ್ಬರ ಹೆಸರು. ಅದನ್ನು ಕಿತ್ತು ಆಸಿಯೋಲಾ ಅಂತ ಇಟ್ಟರು. ಆಸಿಯೋಲಾ ಯಾರು? ದೂರದ ಫ್ಲಾರಿಡಾದ ಸೆಮಿನೋಲ್ ಎಂಬ ಆದಿವಾಸಿ ಜನರ ನಾಯಕ. 1837ರಲ್ಲಿ ಬಿಳಿ ಬಾವುಟ ನಂಬಿ ಮಾತುಕತೆಗೆ ಬಂದಾಗ ಅಮೆರಿಕದ ಸೇನೆ ಅವರನ್ನು ಹಿಡಿದು ಹಾಕಿತು. ಮರುವರ್ಷ ಸೆರೆಯಲ್ಲೇ ತೀರಿಕೊಂಡರು. ಕೌಂಟಿಗೆ ಬೇಕಾದ ಅರ್ಹತೆ ಎಲ್ಲ ಇತ್ತು. ದೂರದವರು, ಹೆಸರುವಾಸಿ, ಸತ್ತಿದ್ದಾರೆ, ಜಾಗ ಕೇಳಿಕೊಂಡು ಬರುವುದಿಲ್ಲ.

ಅದೇ 1843ರಲ್ಲಿ ಇನ್ನೊಂದು ಹೊಸ ಕೌಂಟಿ ಹುಟ್ಟಿತು. ಅದರ ಹೆಸರು ಸ್ಕೂಲ್‌ಕ್ರಾಫ್ಟ್. ಬೇರೆಯವರ ಹೆಸರು ಮೂರು ವರ್ಷಕ್ಕೆ ಹಳಸಿತು, ಇವರದು ಇವತ್ತಿಗೂ ಫ್ರೆಶ್. ಇಷ್ಟೆಲ್ಲ ಸಡಗರದ ರಾಸ್‌ಕಾಮನ್‌ಗೆ ಸ್ವಂತ ಆಡಳಿತ ಬಂದಿದ್ದು 1875ರಲ್ಲಿ. ಅಲ್ಲಿಯತನಕ ಹೆಸರು ಒಂದೇ ಕಾಡು ಕಾಯುತ್ತಿತ್ತು.

ನೆಗ್ವೇಗಾನ್ ವಿಷಯ ಹೇಳದಿದ್ದರೆ ತಪ್ಪಾದೀತು. 1812ರ ಯುದ್ಧದಲ್ಲಿ ಬ್ರಿಟಿಷರ ಜೊತೆ ಹೋಗದೆ ಅಮೆರಿಕದ ಪರ ನಿಂತ ಮುಖಂಡರು ಇವರು. ನಿಷ್ಠೆಗೆ ಒಂದು ಕೌಂಟಿ ಸಿಕ್ಕಿತ್ತು. 1843ರಲ್ಲಿ ಅದೂ ಆಲ್ಕೋನಾ ಆಯಿತು, ಮತ್ತೆ ಅದೇ ಕಟ್ಟುಕತೆಯ 'ಅಲ್'. ಈಗ ಹ್ಯೂರಾನ್ ಸರೋವರದ ದಡದಲ್ಲಿ ಅವರ ಹೆಸರಿನ ಸ್ಟೇಟ್ ಪಾರ್ಕ್ ಇದೆ. ನೋಡಬೇಕೆಂದರೆ ಹೋಗಬಹುದು, ಕಾರಿಗೆ ಪಾಸ್ ಮಾಡಿಸಿಕೊಂಡು.