ನೇರಳೆ ತಿಂದ ಇಲಿಯ ಭಾಗ್ಯ

ನೇರಳೆ ಹಣ್ಣಿನ ಕಾಲ ಬಂತು, ಜೊತೆಗೇ ಆ ಮೆಸೇಜೂ ಬಂತು. ಬೀಜದ ಪುಡಿ, ಬೆಳಗ್ಗೆ ಬರೀ ಹೊಟ್ಟೆಗೆ ಒಂದು ಚಮಚ, ತಿಂಗಳಲ್ಲಿ ಶುಗರ್ ಮಾಯ. ನಿಮಗೂ ಬಂದಿರುತ್ತದೆ, ಬಿಡಿ.

ನಮ್ಮೂರಲ್ಲಿ ಈ ಹಣ್ಣು ಮರದ ಬುಡದಲ್ಲಿ ಬಿದ್ದು ಕೊಳೆಯುತ್ತಿತ್ತು. ಆರಿಸಿ ತಿಂದು ನೀಲಿ ನಾಲಿಗೆ ಹೊತ್ತು ಶಾಲೆಗೆ ಹೋದರೆ ಮೇಷ್ಟ್ರ ಬೆತ್ತ. ಆ ಬಣ್ಣದ ಹೆಸರು ಆಂಥೋಸಯನಿನ್ ಅಂತ ಅಂದೇ ಗೊತ್ತಿದ್ದರೆ, "ಆಂಟಿಆಕ್ಸಿಡೆಂಟ್ ಸಾರ್" ಎಂದು ಒಂದೇಟಾದರೂ ತಪ್ಪಿಸಿಕೊಳ್ಳಬಹುದಿತ್ತು. ಈಗ ತಳ್ಳುಗಾಡಿಯವನೂ ತೂಕಕ್ಕೆ ಮೊದಲು "ಶುಗರ್‌ಗೆ ಒಳ್ಳೇದು ಸಾರ್" ಅನ್ನುತ್ತಾನೆ. ಆ ಮಾತಿಗೂ ಸೇರಿಸಿಯೇ ರೇಟು.

ಬೀಜದ ಸಾರದಿಂದ ಸಕ್ಕರೆ ಇಳಿದದ್ದು ಸುಳ್ಳೇನಲ್ಲ. ಇಳಿದದ್ದು ಬಹುಪಾಲು ಇಲಿಗಳಿಗೆ. ಸ್ಟ್ರೆಪ್ಟೊಜೊಟೊಸಿನ್ ಎಂಬ ರಾಸಾಯನಿಕ ಚುಚ್ಚಿ, ಮೇದೋಜೀರಕದಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶ ಕೊಂದು ಇಲಿಗೆ ಶುಗರ್ ಬರಿಸುವುದು, ಆಮೇಲೆ ಸಾರ ಕುಡಿಸುವುದು. ಪಾಪ, ಆ ಇಲಿ ಪಥ್ಯದಲ್ಲಿ ಬಲು ಕಟ್ಟುನಿಟ್ಟು. ಅದಕ್ಕೆ ನೆಂಟರ ಮದುವೆಯಿಲ್ಲ, ಎರಡನೇ ಹೋಳಿಗೆಗೆ ತುಪ್ಪ ಸುರಿಯುವ ಅತ್ತಿಗೆಯಿಲ್ಲ. ಬ್ರೆಜಿಲಿನಲ್ಲಿ ನೇರಳೆ ಎಲೆಯ ಚಹಾ ಮನೆಮದ್ದು. ಅಲ್ಲಿ ಮನುಷ್ಯರಿಗೇ ಕುಡಿಸಿ ನೋಡಿದರು, ಸಕ್ಕರೆ ಜಗ್ಗಲಿಲ್ಲ. ಅದನ್ನು ಮಾತ್ರ ಯಾವ ಮಾವನೂ ಫಾರ್ವರ್ಡ್ ಮಾಡಲಿಲ್ಲ.

ಹಾಗಂತ ಗಿಡದಲ್ಲಿ ಮದ್ದಿಲ್ಲವೇ? ಸೇಬಿನ ಮರದ ತೊಗಟೆಯಿಂದ 1835ರಲ್ಲಿ ಫ್ಲೋರಿಝಿನ್ ಎಂಬ ವಸ್ತು ತೆಗೆದರು. ಅದು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿಸುತ್ತದೆ, ಆದರೆ ನುಂಗಿದರೆ ಕರುಳು ಸರಿಯಾಗಿ ಹೀರುವುದಿಲ್ಲ. ಅದನ್ನು ತಿದ್ದಿ ತೀಡಿ, ಇಂದು ಶುಗರ್‌ಗೆ ಡಾಕ್ಟರು ಬರೆಯುವ ಡಾಪಾಗ್ಲಿಫ್ಲೋಜಿನ್ ಮಾತ್ರೆಯ ಜಾತಿ ಹುಟ್ಟುವಷ್ಟರಲ್ಲಿ ನೂರೈವತ್ತು ವರ್ಷ ದಾಟಿತ್ತು. ನಮ್ಮ ಮಿಕ್ಸಿಗೆ ಎರಡು ನಿಮಿಷ ಸಾಕು.

ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡಬಾರದು ಅಂತ 1954ರಲ್ಲೇ ಕಾಯ್ದೆಯಾಗಿದೆ. ಎಪ್ಪತ್ತು ದಾಟಿದ ಕಾಯ್ದೆ. ಅದಕ್ಕೂ ಶುಗರ್ ಬಂದು ಕಣ್ಣು ಮಂಜಾಗಿರಬೇಕು.

ನಗು ಬರುತ್ತಿಲ್ಲ ನನಗೆ. ನಮ್ಮ ಚಿಕ್ಕಪ್ಪ ಮಾತ್ರೆ ಬಿಟ್ಟು ಮೂರು ತಿಂಗಳು ಈ ಪುಡಿ ತಿಂದರು. ಚಪ್ಪಲಿ ಕಚ್ಚಿದ ಗಾಯ ಮಾಯಲೇ ಇಲ್ಲ. ಎಡಗಾಲಿನ ಎರಡು ಬೆರಳು ತೆಗೆದರು. ಡಬ್ಬಿಯ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ. "ಪಥ್ಯ ಸರಿಯಾಗಿ ಮಾಡಿಲ್ಲ ಅನ್ಸುತ್ತೆ ಸಾರ್, ಇನ್ನೊಂದು ಡಬ್ಬಿ ಕಳಿಸ್ಲಾ?" ಅಂದ.

ಹಳೇ ಡಬ್ಬಿಯಲ್ಲಿ ಚಿಕ್ಕಮ್ಮ ಈಗ ಸಾಸಿವೆ ತುಂಬಿಟ್ಟಿದ್ದಾರೆ. 'ನೂರಕ್ಕೆ ನೂರು ಗುಣ' ಅನ್ನೋ ಲೇಬಲ್ಲು ಎಷ್ಟು ಉಜ್ಜಿದರೂ ಹೋಗಿಲ್ಲವಂತೆ.