ಆ ಪೆಟ್ಟಿಗೆ ಏನಾಯ್ತು ಹೇಳಿ ಮೊದಲು

ರಾತ್ರಿ ಒಂದೂವರೆಗೆ ಪುಸ್ತಕ ಮುಗಿಸಿದೆ. ಮೂರು ಗಂಟೆವರೆಗೂ ನಿದ್ದೆ ಇಲ್ಲ, ಹೊರಳಾಡಿದ್ದೇ ಬಂತು. ಅಷ್ಟು ಸಿಟ್ಟು ಬಂದಿತ್ತು. ಬೆಳಗ್ಗೆ ಎದ್ದ ಮೇಲೂ ಇಳಿದಿಲ್ಲ, ಅದಕ್ಕೇ ಬರೀತಾ ಇದ್ದೇನೆ.

ಸೆಕೆಂಡ್ ಚಾನ್ಸ್ ರೊಮ್ಯಾನ್ಸ್ ಅಂದರೆ ನನಗೆ ಪ್ರಾಣ. ಮೊದಲ ನೋಟದ ಪ್ರೀತಿ, ಜಗಳದಲ್ಲಿ ಶುರುವಾಗೋ ಪ್ರೀತಿ ಎಲ್ಲಾ ಓದುತ್ತೇನೆ, ಆದರೆ ಒಮ್ಮೆ ಮುರಿದುಕೊಂಡ ಇಬ್ಬರು ವರ್ಷಗಳಾದ ಮೇಲೆ ಎದುರುಬದುರು ನಿಲ್ಲುತ್ತಾರಲ್ಲ, ಆ ಸಂಕಟ ಬೇರೆ ಯಾವುದರಲ್ಲೂ ಸಿಗಲ್ಲ. ಎದುರಿಗಿರುವವರಿಗೆ ಎಲ್ಲಿ ಮುಟ್ಟಿದರೆ ನೋಯುತ್ತದೆ ಅಂತ ಇಬ್ಬರಿಗೂ ಗೊತ್ತಿರುತ್ತದೆ. ಅದಕ್ಕೇ ಈ ಕಾದಂಬರಿಯನ್ನು ಅಷ್ಟು ಆಸೆಯಿಂದ ಕೈಗೆತ್ತಿಕೊಂಡೆ.

ಕಥೆ ಇಷ್ಟು. ಮದುವೆಗೆ ಮೂರು ವಾರ ಇರುವಾಗ ಅವನು ಒಂದು ಮಾತೂ ಹೇಳದೆ ಹೊರಟುಹೋಗಿದ್ದಾನೆ. ಹನ್ನೊಂದು ವರ್ಷ ಪತ್ತೆ ಇಲ್ಲ. ಅವಳ ತಂದೆ ತೀರಿಕೊಂಡ ವಾರ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ.

ಮೂರನೇ ಅಧ್ಯಾಯದಲ್ಲಿ ಅವಳು ಬೀರುವಿನ ಮೇಲಿಂದ ಒಂದು ತಗಡಿನ ಪೆಟ್ಟಿಗೆ ಇಳಿಸುತ್ತಾಳೆ. ಅದರ ತುಂಬ ಅವನಿಗೆ ಬರೆದು ಕಳಿಸದೇ ಇಟ್ಟುಕೊಂಡ ಪತ್ರಗಳು. ಮೊದಲ ವರ್ಷದವು ಉದ್ದುದ್ದ, ಹಾಳೆ ತುಂಬಿ ಅಂಚಿನಲ್ಲೂ ಅಡ್ಡಡ್ಡ ಬರೆದಿದ್ದಾಳೆ. ಆಮೇಲಾಮೇಲೆ ಚಿಕ್ಕದಾಗುತ್ತಾ ಬಂದಿವೆ. ಕೊನೆಯದರಲ್ಲಿ ತಾರೀಖು ಮಾತ್ರ ಇದೆ, ಅದರ ಕೆಳಗೆ ಪೂರ್ತಿ ಖಾಲಿ.

ನಾನು ಅಲ್ಲಿ ಓದೋದು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ಈ ಪೆಟ್ಟಿಗೆ ಒಂದು ದಿನ ಅವನ ಕೈಗೆ ಹೋಗುತ್ತದೆ, ಒಂದೊಂದೇ ಪತ್ರ ಓದುತ್ತಾ ಕೊನೆಗೆ ಆ ಖಾಲಿ ಹಾಳೆ ನೋಡುತ್ತಾನೆ, ಆಗ ಅವನ ಮುಖ ಹೇಗಾಗುತ್ತದೆ ಅಂತ ಕಾಯುತ್ತಾ 380 ಪುಟ ಓದಿದೆ. ಅವನು ಅದನ್ನು ನೋಡಲೇ ಇಲ್ಲ. ಅಂಥದ್ದೊಂದು ಪೆಟ್ಟಿಗೆ ಇದೆ ಅನ್ನೋದೂ ಅವನಿಗೆ ಗೊತ್ತಾಗಲಿಲ್ಲ!

ಅವನು ಯಾಕೆ ಹೋದ ಅನ್ನೋದನ್ನಂತೂ 'ಆಗ', 'ಈಗ' ಅಂತ ಅಧ್ಯಾಯ ಮಾಡಿ ಮಾಡಿ 309ನೇ ಪುಟದವರೆಗೆ ಎಳೆದಿದ್ದಾರೆ. ಹೇಳೋ ಹೊತ್ತಿಗೆ ಸರಿಯಾಗಿ ಫೋನ್ ಬರುತ್ತದೆ, ಇಲ್ಲಾ ಯಾರೋ ಬಾಗಿಲು ಬಡಿಯುತ್ತಾರೆ. ಕೊನೆಗೆ ನೋಡಿದರೆ ಅವಳ ಅಣ್ಣ ಇವನಿಗೆ 'ನೀನು ಮದುವೆಯಾದರೆ ಅವಳ ಓದು ಹಾಳಾಗುತ್ತೆ' ಅಂದಿದ್ದನಂತೆ. ಅಷ್ಟೇ. 'ನಿನ್ನ ಒಳ್ಳೇದಕ್ಕೇ ಹೋದೆ' ಅಂತಾನೆ. ಅವಳ ಒಳ್ಳೇದು ಏನು ಅಂತ ಅವಳನ್ನೇ ಒಂದು ಮಾತು ಕೇಳಬಹುದಿತ್ತಲ್ವಾ? ಹನ್ನೊಂದು ವರ್ಷದಲ್ಲಿ ಒಂದು ಫೋನ್?

ಸರಿ, ಈಗಲಾದರೂ ಅವಳು ಬಾಯಿ ಬಿಡುತ್ತಾಳೆ, ಅಷ್ಟೂ ವರ್ಷದ್ದು ಕಕ್ಕುತ್ತಾಳೆ ಅಂದುಕೊಂಡೆ. ಅವಳು ಅಳುತ್ತಾ ಏನಂತಾಳೆ ಗೊತ್ತಾ? 'ನಾನೇ ನಿನ್ನನ್ನು ಹುಡುಕಿಕೊಂಡು ಬರಬೇಕಿತ್ತು, ತಪ್ಪು ನಂದು.' ಮೈ ಉರಿದುಹೋಯಿತು ನನಗೆ. ಬಿಟ್ಟುಹೋದವನು ಅವನು, ಮದುವೆ ನಿಂತಿದ್ದಕ್ಕೆ ಮನೆಮನೆಗೆ ಫೋನ್ ಮಾಡಿ ಹೇಳಿದವಳು ಅವಳು, ಕ್ಷಮೆ ಕೇಳೋದೂ ಅವಳೇನಾ? ತಕ್ಷಣ ಮಳೆ, ಮುತ್ತು, ಎಲ್ಲಾ ಮರೆತುಹೋಯಿತು. ಅವನು ಕ್ಷಮಿಸು ಅಂತ ಒಂದೇ ಒಂದು ಸಲ ಹೇಳಿದ್ದಾನಾ ಅಂತ ಆ ಅಧ್ಯಾಯ ಮತ್ತೆ ಪೂರ್ತಿ ಓದಿದೆ. ಇಲ್ಲ.

ಇಂಗ್ಲಿಷ್ ಲೇಖಕಿ ಜೇನ್ ಆಸ್ಟಿನ್ ಅವರ ಕಾದಂಬರಿ 'ಪರ್ಸುಯೇಷನ್' ಬಂದಿದ್ದು 1817ರ ಡಿಸೆಂಬರಿನಲ್ಲಿ, ಅವರು ತೀರಿಕೊಂಡ ಮೇಲೆ. ಅದರಲ್ಲೂ ಇದೇ ಕಥೆ ತಾನೇ? ಹಿರಿಯರ ಮಾತು ಕೇಳಿ ನಾಯಕಿ ಆ್ಯನ್ ಹತ್ತೊಂಬತ್ತನೇ ವಯಸ್ಸಿನಲ್ಲಿ ತಾನು ಪ್ರೀತಿಸಿದವನಿಗೆ ಒಲ್ಲೆ ಅಂದಿದ್ದಾಳೆ, ಎಂಟು ವರ್ಷವಾದ ಮೇಲೆ ಆ ವೆಂಟ್‌ವರ್ತ್ ವಾಪಸ್ ಬಂದಿದ್ದಾನೆ. ಆದರೆ ಅಲ್ಲಿ ಅವನಿಗೆ ಸಿಟ್ಟಿದೆ, ಆ ಸಿಟ್ಟು ನಮಗೆ ಕಾಣುತ್ತದೆ, ಅದು ಕರಗೋದೂ ಕಾಣುತ್ತದೆ. ಇಬ್ಬರೂ ಒಂದಾಗುವ ಭಾಗವನ್ನು ಆಸ್ಟಿನ್ ಮೊದಲು ಬರೆದದ್ದು ಬೇರೆ ಥರ. ಅದು ಅವರಿಗೇ ಹಿಡಿಸಲಿಲ್ಲ. 1816ರಲ್ಲಿ ಅದನ್ನು ತೆಗೆದು ಹೊಸದಾಗಿ ಬರೆದರು. ಆ್ಯನ್ ಬೇರೊಬ್ಬರ ಹತ್ತಿರ ಮಾತಾಡೋದನ್ನು ಕೇಳಿಸಿಕೊಳ್ಳುತ್ತಾ ಅವನು ಅದೇ ಕೋಣೆಯಲ್ಲಿ ಕೂತು ಬರೆಯೋ ಪತ್ರ ಬಂದದ್ದು ಹಾಗೆ. ಬಿಟ್ಟ ಆ ಹಳೇ ಭಾಗ ಅವರ ಕೈಬರಹದಲ್ಲಿ ಇಂದಿಗೂ ಉಳಿದಿದೆ. ಅಂಥವರೇ ಇದು ಸಾಲದು ಅಂತ ಮತ್ತೆ ಕೂತು ಬರೆದಿದ್ದಾರೆ. ಇಲ್ಲಿ ಪೆಟ್ಟಿಗೆ ತುಂಬ ಪತ್ರ ಇಟ್ಟುಕೊಂಡು ಮಳೆ ಸುರಿಸಿ ಮುಗಿಸಿದರು.

ಮಧ್ಯದಲ್ಲಿ ಇನ್ನೊಬ್ಬನಿದ್ದ, ಪಾಪ. ಅವಳ ತಂದೆ ಕಾಯಿಲೆ ಬಿದ್ದಾಗ ರಾತ್ರಿಯೆಲ್ಲಾ ಆಸ್ಪತ್ರೆಯಲ್ಲಿ ಕೂತವನು, ಅವಳು ಮಾತಾಡದಿದ್ದರೆ ತಾನೂ ಸುಮ್ಮನಿದ್ದು ಜೊತೆ ಕೊಟ್ಟವನು. ಅವಳು ಅವನನ್ನು ಬಿಡಬೇಕಲ್ಲ, ಅದಕ್ಕೆ 250ನೇ ಪುಟದಲ್ಲಿ ಇದ್ದಕ್ಕಿದ್ದಂತೆ ಅವನನ್ನು ಕೆಟ್ಟವನನ್ನಾಗಿ ಮಾಡಿಬಿಟ್ಟರು. ಒಂದು ಸುಳಿವೂ ಇಲ್ಲದೆ. ಅವಳು ಹನ್ನೊಂದು ವರ್ಷ ಕಟ್ಟಿಕೊಂಡ ಕೆಲಸವಂತೂ ಒಂದೇ ಪ್ಯಾರಾದಲ್ಲಿ ಬಿಟ್ಟಾಯಿತು.

'ಬರೀ ಕಥೆ ತಾನೇ, ಇಷ್ಟ್ಯಾಕೆ ತಲೆ ಕೆಡಿಸ್ಕೋತೀಯಾ' ಅಂತ ಗೆಳತಿ ಅಂದಳು. ನನಗೆ ಅದು ಬರೀ ಕಥೆ ಆಗಿರಲಿಲ್ಲ ಕಣೇ ಅಂದೆ. ಆ ಹೆಂಗಸು ನನ್ನ ಜೊತೆ ನಾಲ್ಕು ದಿನ ಇದ್ದಳು. ಅವಳ ಮಾತನ್ನು ಯಾರಾದರೂ ಒಬ್ಬರು ಕೇಳಿಸಿಕೊಳ್ಳಲಿ ಅಂತ ಕಾದಿದ್ದೆ ನಾನು.

ಕೊನೇ ಅಧ್ಯಾಯ ಐದು ವರ್ಷದ ನಂತರದ್ದು. ಅಲ್ಲಿ ಆ ತಗಡಿನ ಪೆಟ್ಟಿಗೆ ಮತ್ತೆ ಬರುತ್ತದೆ. ನನಗೆ ಎದೆ ಡವಡವ ಅಂತು. ಅವಳು ಮುಚ್ಚಳ ತೆಗೆಯುತ್ತಾಳೆ, ಒಳಗೆ ಮಗುವಿನ ಕಾಲುಚೀಲಗಳಿವೆ. ಪತ್ರಗಳೆಲ್ಲಿ ಹೋದವು? ಸುಟ್ಟಳಾ, ಹರಿದಳಾ, ಯಾರಿಗಾದರೂ ಕೊಟ್ಟಳಾ? ಒಂದು ಸಾಲೂ ಇಲ್ಲ.

ಇವತ್ತು ಬೆಳಗ್ಗೆ ಮೂರನೇ ಅಧ್ಯಾಯ ತೆಗೆದು ಆ ಖಾಲಿ ಹಾಳೆಯ ಭಾಗ ಮಾತ್ರ ಇನ್ನೊಮ್ಮೆ ಓದಿದೆ. ಮತ್ತೆ ಗಂಟಲು ಕಟ್ಟಿತು. ಇಷ್ಟು ಚೆನ್ನಾಗಿ ಬರೆಯೋಕೆ ಬರುತ್ತೆ ಇವರಿಗೆ. ಬರುತ್ತೆ ಅಂತಲೇ ನನಗೆ ಇಷ್ಟು ಸಿಟ್ಟು.